ಉರಿಸದ ಕರೆಂಟಿನ ಬಿಲ್ಲು

ಕರೆಂಟಿನ ಕಂಪನಿಯವರು ಬಿಲ್ಲು ಕೊಡುತ್ತಾರೆ, ನಾವು ಗೊಣಗುತ್ತ ಕಟ್ಟುತ್ತೇವೆ. ಇದು ಲೋಕರೂಢಿ. ಆದರೆ ಕೊಣ್ಣೂರಿನ ನಮ್ಮ ಅತ್ತಿಯ ಪ್ರಕಾರ ಈ ವ್ಯವಹಾರವೇ ಅರ್ಧಮರ್ಧ! ಉರಿಸಿದ ಕರೆಂಟಿಗೆ ಕಂಪನಿ ತನಗೆ ಬಿಲ್ಲು ಕೊಡುವುದಾದರೆ, ಉರಿಸದೆ ಉಳಿಸಿದ ಕರೆಂಟಿಗೆ ತಾನು ಕಂಪನಿಗೆ ಬಿಲ್ಲು ಕೊಡಬೇಡವೇ? ನಗಬೇಡಿ. ನಾವೂ ವರ್ಷಗಟ್ಟಲೆ ನಕ್ಕವರೇ. ಒಂದು ದಿನ ಕಂಪನಿಯವರೇ ಅವಳ ಬಾಗಿಲಿಗೆ ಬಂದು, "ಹೌದ್ರೀ ಅವ್ವಾರ, ಉರಿಸದಿದ್ದರ ನಾವ ನಿಮಗ ಕೊಡತೇವಿ" ಎಂದಾಗ ಇಡೀ ಬಳಗದ ಬಾಯಿ ಬಂದಾಯಿತು.

ಅತ್ತಿ ಅಂದರೆ ನಮ್ಮ ಅಪ್ಪನ ಅಕ್ಕ. ನಾನು ಮೂಡಲಗಿಯಲ್ಲಿ ಹೈಸ್ಕೂಲು ಮಾಸ್ತರ. ಸೂಟಿ ಬಿದ್ದಾಗ ಅವಳ ಮನೆಗೆ ಹೋಗುವ ರೂಢಿ. ಹಗಲು ಹೊತ್ತು ಏನೂ ಚಿಂತೆಯಿಲ್ಲ. ಹೊತ್ತು ಮುಳುಗಿತೋ, ಆ ಮನೆಯಲ್ಲಿ ಓಡಾಡಲು ಎದೆಗಾರಿಕೆ ಬೇಕು. ಒಬ್ಬರಿರುವ ಕೋಣೆಗೆ ಬಲ್ಬು ದಂಡ, ಇಬ್ಬರಿದ್ದರೆ ಅನುಮಾನ, ಮೂವರಿದ್ದರೆ ನೋಡೋಣ ಎಂಬುದು ಅಲ್ಲಿನ ಕಾಯಿದೆ. ಊಟ ಮುಗಿಸಿ ಕೈತೊಳೆದು ಮಾತಿಗೆ ಕುಳಿತರೆ ಪಟ್ ಎಂದು ಸ್ವಿಚ್ಚು ಆರಿಸಿಬಿಡುತ್ತಾಳೆ.

"ಅತ್ತಿ, ಏನೂ ಕಾಣಸವಲ್ತು!"

"ಮಾತಾಡಾಕ ಬೆಳಕ ಯಾಕ ಬೇಕೋ ಮಾಸ್ತರ? ನೀ ಕಿವೀಲೆ ಕೇಳ್ತೀಯೋ, ಕಣ್ಣೀಲೆ ಕೇಳ್ತೀಯೋ?"

ವಿಜ್ಞಾನ ಕಲಿಸುವ ನನಗೇ ಇದಕ್ಕೆ ಉತ್ತರ ಸಿಕ್ಕಿಲ್ಲ.

ಅವಳ ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದಾರೆ. ಆ ಮಗಳು ತಾಯಿಗೆಂದು ಒಂದು ಫ್ರಿಜ್ಜು ತಂದುಕೊಟ್ಟಳು. ಅತ್ತಿ ಬಹಳ ಸಂತೋಷಪಟ್ಟಳು. ಅದರೊಳಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಹಪ್ಪಳ ಎಲ್ಲವನ್ನೂ ಜೋಡಿಸಿಟ್ಟಳು. ವೈರು ಮಾತ್ರ ಹಿಂದುಗಡೆ ಸುತ್ತಿಟ್ಟಂತೆಯೇ ಇತ್ತು. "ಛಲೋ ಕಪಾಟ ಐತಿ ನೋಡು, ಒಂದ ಇಲಿ ಒಳಗ ಹೋಗೂದಿಲ್ಲ!" ಎಂದು ಬಂದವರಿಗೆಲ್ಲ ತೆರೆದು ತೋರಿಸುತ್ತಾಳೆ. ಇನ್ನು ಆ ಮಗಳನ್ನು ನೋಡಲು ವರನ ಕಡೆಯವರು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಆಮೇಲಿನ ಕಥೆಯನ್ನು ಅವಳ ಗಂಡ, ನಮ್ಮ ಹುಕ್ಕೇರಿ ಭಾವನವರೇ ಹೇಳಬೇಕು: "ನಾ ಧ್ವನಿ ಕೇಳಿ ಹೂಂ ಅಂದಾಂವ್ರಿ. ಮಾರಿ ನೋಡಿದ್ದು ನಿಶ್ಚಯದ ದಿನಾ!"

ಇಂಥ ಹೆಂಗಸಿನ ಉದ್ಯೋಗ ಯಾವುದೆಂದು ತಿಳಿದಿರಿ? ಹಿಟ್ಟಿನ ಗಿರಣಿ! ಓಣಿಯ ತುದಿಯಲ್ಲಿ ಅತ್ತಿಯ ಗಂಡ, ನಮ್ಮ ಮಾಮಾ ಹಾಕಿದ ಗಿರಣಿ. ಅವರು ತೀರಿಕೊಂಡ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಇವಳೇ ನಡೆಸುತ್ತ ಬಂದಿದ್ದಾಳೆ. ಮನೆಯ ಬಲ್ಬಿಗೆ ಕಣ್ಣೀರಿಡುವವಳು ಅಲ್ಲಿ ದೊಡ್ಡ ಮೋಟಾರನ್ನು ಗಡಗಡ ಓಡಿಸುತ್ತಾಳಲ್ಲ, ಅದು ಹೇಗೆ ಎಂದು ಒಮ್ಮೆ ಕೇಳಿಯೂಬಿಟ್ಟೆ.

"ಹುಚ್ಚಪ್ಪ! ಅದು ಉರಸೂದಲ್ಲೋ, ದುಡಸೂದು" ಎಂದಳು.

ಹೀಗಿರುವಾಗ ಕಂಪನಿಯ ಇಂಜಿನಿಯರ್ ಸಾಹೇಬರು ಬಂದರು. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ, ಬೆನ್ನಿಗೆ ಚೀಲ, ಬಹಳ ವಿನಯ. ಅತ್ತಿ ಚಹಾ ಕೊಟ್ಟಳು. ಅವರು ತಮ್ಮ ಹೊಸ ಯೋಜನೆಯನ್ನು ಬಿಡಿಸಿ ಹೇಳಿದರು. ಸಂಜೆ ಹೊತ್ತು ಎಲ್ಲರೂ ಒಮ್ಮೆಲೇ ಕರೆಂಟು ಬಳಸುತ್ತಾರೆ. ಆಗ ಕಂಪನಿ ಹೊರಗಿನಿಂದ ತುಟ್ಟಿ ಕರೆಂಟು ಕೊಳ್ಳಬೇಕಾಗುತ್ತದೆ. ಅದರ ಬದಲು, ಅಂಥ ಸಂಜೆ ಮೊಬೈಲಿಗೆ ಒಂದು ಮೆಸೇಜು ಬರುತ್ತದೆ; ಯಾರು ತಮ್ಮ ಬಳಕೆ ಕಡಿಮೆ ಮಾಡುತ್ತಾರೋ ಅವರಿಗೆ ಕಂಪನಿಯೇ ಪರಿಹಾರ ಕೊಟ್ಟು ಬಿಲ್ಲಿನಲ್ಲಿ ಕಳೆಯುತ್ತದೆ. ಸದ್ಯಕ್ಕೆ ಪ್ರಯೋಗ, ಈ ಓಣಿಯಿಂದ ಸುರು.

ಅತ್ತಿಯ ಮುಖ ನೋಡಬೇಕಿತ್ತು! ಮದುವೆಯ ದಿನವೂ ಅಷ್ಟು ಕಳೆ ಇತ್ತೋ ಇಲ್ಲವೋ.

"ಕೇಳಿದ್ಯೋ ಮಾಸ್ತರ? ನಾ ಹೇಳಿದ್ದ ಖರೆ ಆತು! ಸಾಹೇಬ್ರ, ಯಾವ ವರ್ಷದಿಂದ ಲೆಕ್ಕಾ ಹಿಡೀತೀರಿ? ನಾ ಮದಿವಿ ಆಗಿ ಬಂದಾಗಿಂದ ಆರಿಸಿಕೋಂತ ಬಂದೇನಿ."

ಸಾಹೇಬರು ತಡವರಿಸಿದರು. "ಹಂಗಲ್ರೀ ಅವ್ವಾರ. ನೀವು ಹಿಂದಿನ ಒಂದಷ್ಟು ದಿನ ಎಷ್ಟು ಬಳಸೀರಿ ನೋಡತೇವಿ. ಮೆಸೇಜ್ ಬಂದ ದಿನ ಅದಕ್ಕಿಂತ ಎಷ್ಟು ಕಡಿಮಿ ಮಾಡಿದ್ರಿ, ಅಷ್ಟಕ್ಕ ಮಾತ್ರ ಪರಿಹಾರ."

"ನಾ ಮೊದಲ ಉರಸೂದಿಲ್ಲಲ್ಲ?"

"ಮತ್ತ ಕಡಿಮಿ ಮಾಡಾಕ ಏನೂ ಉಳೀಲಿಲ್ಲಲ್ರಿ!"

ಅತ್ತಿ ಎದುರುಮನೆಯ ಕಡೆ ಕೈ ಮಾಡಿದಳು. ಅದು ಒಬ್ಬ ಗುತ್ತಿಗೆದಾರನ ಬಂಗಲೆ. ಕೋಣೆಗೊಂದು ಏಸಿ, ಗೇಟಿಗೆ ಮಾಲೆ ದೀಪ, ನಾಯಿಗೂ ಒಂದು ಫ್ಯಾನು.

"ಅಂವಗ?"

"ಅವರು ನಾಕು ಏಸಿ ಬಂದ್ ಮಾಡಿದ್ರ ಛಲೋ ಪರಿಹಾರ ಸಿಗತೈತ್ರಿ" ಎಂದರು ಸಾಹೇಬರು, ಪಾಪ, ಸತ್ಯವಂತರು.

ಅತ್ತಿ ಎದ್ದು ನಿಂತಳು. ಸಾಹೇಬರ ಕೈಯಲ್ಲಿ ಅರ್ಧ ಉಳಿದಿದ್ದ ಚಹಾದ ಕಪ್ಪನ್ನು ತೆಗೆದುಕೊಂಡಳು.

"ಕುಡಿಯೂದ ಬಿಟ್ಟಾಂವಗ ಊರ ಮಂದಿ ಹಾರಾ ಹಾಕತೀರಿ. ಹುಟ್ಟಿದಾಗಿಂದ ಒಂದ ಹನಿ ಮುಟ್ಟದಾಂವಗ ಏನ ಹಾಕತೀರಿ? ಮಣ್ಣ?"

ಇದು ಅನ್ಯಾಯವೇ ಅಲ್ಲವೇ, ನೀವೇ ಹೇಳಿ. ಸಾಹೇಬರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಹೊರೆಯೇ ಆಗದವಳು ಹೊರೆ ಇಳಿಸುವುದಾದರೂ ಹೇಗೆ? ಆದರೆ ಅತ್ತಿಯ ಮುಂದೆ ಈ ತರ್ಕ ಹೇಳುವ ಗಂಡಸು ಆ ದಿನ ಆ ಮನೆಯಲ್ಲಿ ಇರಲಿಲ್ಲ. ನಾನಿದ್ದೆ, ಅಷ್ಟೆ.

ಸಾಹೇಬರು ಹೋದ ಮೇಲೆ ಅವಳು ಬಹಳ ಹೊತ್ತು ಯೋಚಿಸಿ ಒಂದು ಉಪಾಯ ತೆಗೆದಳು. ಹಿಂದಿನ ಕೆಲವು ದಿನ ಜಾಸ್ತಿ ಉರಿಸಿದವರಿಗೇ ತಾನೇ ಪರಿಹಾರ? ಸರಿ, ನಾವೂ ಉರಿಸೋಣ! ಆಮೇಲೆ ಒಮ್ಮೆಲೇ ಆರಿಸೋಣ!

ಆ ಮನೆ ಕಂಡ ವೈಭವವನ್ನು ಹೇಗೆ ವರ್ಣಿಸಲಿ? ಎಲ್ಲ ಬಲ್ಬುಗಳೂ ಹತ್ತಿದವು. ಕೆಲವು ಬಲ್ಬುಗಳಿಗೆ ತಾವು ಹತ್ತಬಲ್ಲೆವೆಂಬುದೇ ಮರೆತುಹೋಗಿತ್ತು. ಪಿಳಿಪಿಳಿ ಎಂದು ಕಣ್ಣು ಬಿಟ್ಟವು. ಬಚ್ಚಲಿನ ಗೋಡೆಗೆ ಹಸಿರು ಬಣ್ಣವಿದೆ ಎಂಬುದು ನನಗೆ ಆ ದಿನವೇ ಗೊತ್ತಾದದ್ದು. ಫ್ರಿಜ್ಜಿನ ವೈರು ಬಿಚ್ಚಿ ಚುಚ್ಚಿದಳು, ಹಪ್ಪಳವೆಲ್ಲ ಮೆತ್ತಗಾದವು. ಇಸ್ತ್ರಿ ಪೆಟ್ಟಿಗೆ ತರಿಸಿ ತನ್ನ ಇಳಕಲ್ ಸೀರೆಗಳನ್ನೆಲ್ಲ ತಿಕ್ಕಿದಳು, ಮುಗಿದ ಮೇಲೆ ಮೊದಲಿನಿಂದ ಮತ್ತೆ ತಿಕ್ಕಿದಳು. ನಾನು ಫ್ಯಾನಿನ ಕೆಳಗೆ ಕಾಲು ಚಾಚಿ ಪೇಪರು ಓದಿದೆ. ಆ ಮನೆಯಲ್ಲಿ ದೀಪದ ಬೆಳಕಿನಲ್ಲಿ ಪೇಪರು ಓದಿದ ಮೊದಲ ಮನುಷ್ಯ ನಾನೇ ಇರಬೇಕು!

ಎರಡನೆಯ ಸಂಜೆ ಅವಳು ಕಾಣಲಿಲ್ಲ. ಹುಡುಕಿದರೆ ಹೊರಗೆ ಕಟ್ಟೆಯ ಮೇಲೆ ಮನೆಗೆ ಬೆನ್ನು ಮಾಡಿ ಕುಳಿತಿದ್ದಳು.

"ಒಳಗ ಬಾ ಅತ್ತಿ, ಇಲ್ಯಾಕ ಕುಂತಿ?"

"ಬರೂದಿಲ್ಲಪಾ. ಒಳಗ ಬಲ್ಬ ಉರದ್ರ ಇಲ್ಲಿ ನನ್ನ ಹೊಟ್ಟಿ ಉರೀತೈತಿ."

"ಮತ್ತ ಇನ್ನೂ ನಾಕ ದಿನ ಉರಸಬೇಕಂದಿ?"

"ಕಳುವು ಮಾಡಾಕೂ ಕೈ ಪಳಗಿರಬೇಕು, ಮಾಸ್ತರ. ನನಗದು ಹಣ್ಯಾಗ ಬರದಿಲ್ಲ. ಹೋಗು, ಎಲ್ಲಾ ಆರಸು."

ಆರಿಸಿದೆ. ಅವಳು ನಿಟ್ಟುಸಿರು ಬಿಟ್ಟು ಒಳಗೆ ಬಂದಳು, ಹೊಸ್ತಿಲು ಎಡವಿದಳು, ಕಂಪನಿಗೆ ಬೈದಳು. ಮನೆ ಮೊದಲಿನಂತಾಯಿತು.

ಇಲ್ಲಿಗೇ ಮುಗಿದಿದ್ದರೆ ಇದೊಂದು ತಮಾಷೆಯ ಸಂಗತಿಯಾಗಿ ಉಳಿಯುತ್ತಿತ್ತು. ಆದರೆ ಸಾಹೇಬರು ಮತ್ತೆ ಬಂದರು. ಅತ್ತಿಯ ಬಗ್ಗೆ ಅವರಿಗೆ ನಿಜವಾಗಿಯೂ ಮರುಕ ಹುಟ್ಟಿತ್ತು. ಅವರು ಹೊಸ ದಾರಿ ತೋರಿಸಿದರು: ಮನೆ ಹೋಗಲಿ, ಗಿರಣಿ ಇದೆಯಲ್ಲ! ಮೋಟಾರು ದೊಡ್ಡದು, ಸಂಜೆ ಹೊತ್ತು ದಿನಾ ಓಡುತ್ತದೆ. ಮೆಸೇಜು ಬಂದ ಸಂಜೆ ಅದನ್ನು ನಿಲ್ಲಿಸಿದರೆ ಬೀಸಿದ್ದಕ್ಕೆ ಸಿಗುವುದಕ್ಕಿಂತ ಹೆಚ್ಚು, ಬೀಸದ್ದಕ್ಕೆ ಸಿಗುತ್ತದೆ.

"ಅಂದ್ರ ಸುಮ್ನ ಕುಂತದ್ದಕ್ಕ ಪಗಾರ?" ಎಂದಳು ಅತ್ತಿ.

"ಹಂಗ ಅನ್ಕೋರ್ರಿ."

"ಕೆಲಸಾ ಮಾಡಿ ಉಣ್ಣೂದ ಲಿಂಗಪೂಜಿ ಅಂತ ನಮ್ಮವ್ವ ಹೇಳಿಕೊಟ್ಟಾಳ. ಕುಂತ ಉಣ್ಣೂದಕ್ಕ ಏನಂತಾರೋ ಆಕಿ ಹೇಳಲಿಲ್ಲ" ಎಂದಳು. ಆದರೂ ಒಪ್ಪಿದಳು. ಜೀವಮಾನವಿಡೀ ಕೇಳಿದ ನ್ಯಾಯ ಕೊನೆಗೂ ಬಾಗಿಲಿಗೆ ಬಂದಿರುವಾಗ ಯಾರು ಬೇಡ ಎಂದಾರು?

ಮೊದಲ ಮೆಸೇಜು ಬಂದ ಸಂಜೆ ನಾನು ಅಲ್ಲೇ ಇದ್ದೆ. ಅತ್ತಿ ಠೀವಿಯಿಂದ ಮೋಟಾರು ನಿಲ್ಲಿಸಿದಳು. ಮೈಮೇಲಿನ ಹಿಟ್ಟು ಕೊಡವಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿಸಿ ಕುಳಿತಳು. ಕೆಲಸವಿಲ್ಲದೆ ಕುಳಿತ ರೂಢಿಯೇ ಇಲ್ಲದ್ದರಿಂದ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ಕುರ್ಚಿಯ ಕೆಳಗೆ ಇಟ್ಟುಕೊಂಡಳು.

ಅಷ್ಟರಲ್ಲಿ ಕಬ್ಬಿನ ಕೆಲಸ ಮುಗಿಸಿದ ಹೆಣ್ಣುಮಕ್ಕಳು ಬರತೊಡಗಿದರು. ಹಗಲೆಲ್ಲ ಹೊಲದಲ್ಲಿರುವ ಅವರಿಗೆ ಜೋಳ ಬೀಸಿಸಲು ಸಿಗುವ ಹೊತ್ತು ಇದೊಂದೇ. ತಲೆಯ ಮೇಲೆ ಜೋಳದ ಡಬ್ಬಿ, ಮೈಮೇಲೆಲ್ಲ ಕಬ್ಬಿನ ಒಣಗರಿಯ ರವದಿ ಗೀರಿದ ಗೆರೆಗಳು. ಮುಂದೆ ಇದ್ದವಳು ಯಲ್ಲವ್ವ, ಅದೇ ಓಣಿಯವಳು.

"ಯಾಕ್ರೀ ಅವ್ವಾರ, ಕರೆಂಟ್ ಹೋಗೇತೇನ್ರಿ?"

"ಇಲ್ಲವಾ, ಐತಿ."

"ಮೋಟಾರ ಕೆಟ್ಟೈತೇನ್ರಿ?"

"ಇಲ್ಲ, ಬರೊಬ್ಬರಿ ಐತಿ. ಕಂಪನ್ಯಾವ್ರು ಇವತ್ತ ಬಂದ್ ಮಾಡ್ರಿ ಅಂದಾರ. ಅದಕ್ಕ ನನಗ ಪರಿಹಾರ ಕೊಡ್ತಾರ."

ಯಲ್ಲವ್ವ ಡಬ್ಬಿಯನ್ನು ಕೆಳಗಿಳಿಸಿದಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದಳು: "ಗಿರಣಿ ನಿಮ್ಮದು, ನಿಮಗ ಕೊಡ್ತಾರ, ಖರೆ. ಇವತ್ತ ರೊಟ್ಟಿ ಇಲ್ಲದಾಕಿ ನಾನು. ನನಗೇನ ಕೊಡ್ತಾರ್ರಿ?"

 ಅತ್ತಿ ಯಲ್ಲವ್ವನನ್ನು ನೋಡಿದಳು, ಹಿಂದೆ ಸಾಲಾಗಿ ನಿಂತ ಡಬ್ಬಿಗಳನ್ನು ನೋಡಿದಳು. ಎದ್ದವಳೇ ಒಳಗೆ ಹೋಗಿ ಧಡ್ ಎಂದು ಮೋಟಾರು ಹಾಕಿದಳು.

"ಅತ್ತಿ, ಕರಾರು ಮುರಿದಂಗ ಆಗತೈತಿ!" ಎಂದೆ.

"ಮುರೀಲಿ! ಅವರ ಕೊಡೂದ ನನಗ, ಉಪಾಸ ಬೀಳೂದ ಆಕಿಗೆ. ಇದ್ಯಾವ ಊರ ಪರಿಹಾರೋ? ಡಬ್ಬಿ ಎತ್ತಿ ಕೊಡು!"

ಆ ಸಂಜೆ ಸೂಟಿಯಲ್ಲಿದ್ದ ವಿಜ್ಞಾನದ ಮಾಸ್ತರ ತಲೆಯಿಂದ ಪಾದದವರೆಗೆ ಜೋಳದ ಹಿಟ್ಟಿನಲ್ಲಿ ಮುಳುಗಿಹೋದ. ಮನೆಗೆ ಹೋಗುವಾಗ ನಾಯಿಗಳಿಗೂ ಗುರುತು ಸಿಗಲಿಲ್ಲ.

ಕಂಪನಿಯಿಂದ ಮರುದಿನವೇ ಮೆಸೇಜು: ನೀವು ಸಹಕರಿಸಿಲ್ಲ. ಅತ್ತಿ ಅದನ್ನು ನನ್ನಿಂದ ಓದಿಸಿ ಕೇಳಿ, "ಬರೊಬ್ಬರಿ ಬರದಾರ" ಎಂದಳು. ಅಷ್ಟಕ್ಕೆ ಬಿಡುವವಳೇ? ಗೋಕಾಕದಲ್ಲಿ ಯೋಜನೆಯ ಬಗ್ಗೆ ಗ್ರಾಹಕರ ಸಭೆ ಇದೆಯೆಂದು ತಿಳಿದ ಕೂಡಲೇ ತಿಕ್ಕಿ ತಿಕ್ಕಿ ಇಟ್ಟಿದ್ದ ಇಳಕಲ್ ಸೀರೆ ಉಟ್ಟು ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಸಭೆ ಮಧ್ಯಾಹ್ನಕ್ಕೆ ಇತ್ತು. ದೊಡ್ಡ ಅಧಿಕಾರಿಗಳು ಬಂದದ್ದು ಸಂಜೆಯ ಮುಂದೆ. ಸಭೆಯ ಹಾಲಿನಲ್ಲಿ ಏಸಿಗಳು ಗುಂಯ್ ಎನ್ನುತ್ತಿದ್ದವು. ಅತ್ತಿ ಸೆರಗನ್ನು ಕಿವಿತುಂಬ ಹೊದ್ದು ಕುಳಿತಳು.

ವೇದಿಕೆಯ ಮೇಲಿದ್ದ ಹಿರಿಯ ಅಧಿಕಾರಿ ಮೈಸೂರು ಕಡೆಯವರು. ತಾಳ್ಮೆಯ ಮನುಷ್ಯ. ಅತ್ತಿಯ ಸರದಿ ಬಂದಾಗ ಮೈಕು ಹಿಡಿದು ಹೇಳಿದಳು:

"ನಮಸ್ಕಾರ್ರಿ. ನಂದ ಎರಡ ಮಾತು. ಉರಸದಾವ್ರಿಗೆ ನೀವೇನೂ ಕೊಡೂದಿಲ್ಲ. ಅದನ್ನ ಮತ್ತೊಂದ ದಿನ ಜಗಳಾಡೂಣು. ಇವತ್ತ ಗಿರಣಿ ಮಾತು. ಬಂದ್ ಆಗೂದ ನನ್ನ ಮೋಟಾರ, ಖರೆ. ತಣ್ಣಗಾಗೂದ ಜ್ವಾಳಾ ಬೀಸಾಕ ಬಂದಾಕಿ ಒಲಿ. ಪರಿಹಾರ ಒಲಿಗೆ ಹೋಗಬೇಕೋ ಮೋಟಾರಕ್ಕ ಹೋಗಬೇಕೋ?"

ಅಧಿಕಾರಿ ಯೋಚಿಸಿದರು. "ನೀವು ಹೇಳೋದು ಸರಿ ಅಮ್ಮ. ಆದ್ರೆ ಮೀಟರ್ ಇರೋದು ನಿಮ್ಮ ಹೆಸರಲ್ಲಿ. ಒಲೆಗೆ ಮೀಟರ್ ಇಲ್ವಲ್ಲ, ನಾವು ಹ್ಯಾಗೆ ಅಳೆಯೋದು? ಮತ್ತೆ ಸಂಜೆ ಯಾರೂ ಏನೂ ಬಿಡಲ್ಲ ಅಂದ್ರೆ ಲೈನ್ ಪೂರ್ತಿ ಕೂತುಬಿಡುತ್ತೆ. ಆಗ ನಿಮ್ಮ ಗಿರಣಿನೂ ನಿಲ್ಲುತ್ತೆ, ಅಲ್ವಾ?"

 ಮಾತು ಸರಿಯೇ ಇತ್ತು. ಸರಿಯಾದ ಮಾತಿಗೆ ಸೋಲುವವರು ಇರಬಹುದು. ಅತ್ತಿ ಆ ಜಾತಿಯವಳಲ್ಲ.

"ಹಂಗಾರ ಬಿಡಬೇಕಾದ್ದ ಯಾವುದು ಅನ್ನೂದನ್ನ ಮೊದಲ ನೋಡಿ, ಆಮ್ಯಾಲ ಬಿಡಬೇಕಲ್ರಿ? ಈಗ ಸಂಜಿ ಆಗೇತಿ. ನಿಮ್ಮ ಮೆಸೇಜ್ ಬರೂ ಹೊತ್ತು. ಇಲ್ಲಿ ಇಷ್ಟ ಏಸಿ ಯಾಕ್ರಿ? ಕಿಡಕಿ ಇಲ್ಲೇನು ಈ ಕಟ್ಟಡಕ್ಕ?"

ಎಂದವಳೇ ಮೈಕನ್ನು ನನ್ನ ಕೈಗೆ ತುರುಕಿ, ಗೋಡೆಯ ಬಳಿಗೆ ನಡೆದು, ಪಟ್ ಪಟ್ ಪಟ್ ಎಂದು ಸ್ವಿಚ್ಚುಗಳನ್ನು ಆರಿಸಿಬಿಟ್ಟಳು! ಸಿಪಾಯಿ ಓಡಿ ಬಂದ. ಏಸಿಗಳ ಜೊತೆಗೆ ಅರ್ಧ ಹಾಲಿನ ದೀಪಗಳೂ ಹೋಗಿದ್ದವು. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ನಾನು ಮೈಕು ಹಿಡಿದು ಮದುವೆ ಮನೆಯ ಗೊಂಬೆಯಂತೆ ನಿಂತಿದ್ದೆ. ಹಿರಿಯ ಅಧಿಕಾರಿಗಳು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ನಗತೊಡಗಿದರು.

"ಆಯ್ತಮ್ಮ, ಈ ಹಾಲಿನ ಬಳಕೆ ಕಡಿಮೆ ಆಯ್ತು. ಪರಿಹಾರ ಯಾರಿಗೆ ಕೊಡೋಣ? ನಿಮಗೋ, ಹಾಲಿಗೋ?"

"ಬೆವರಾವ್ರಿಗೆ ಕೊಡ್ರಿ!" ಎಂದಳು ಅತ್ತಿ.

ಸಭೆಯ ಫಲ ಏನು? ಪೂರಾ ಗೆಲುವೇನೂ ಸಿಗಲಿಲ್ಲ. ಉರಿಸದವರಿಗೆ ಪರಿಹಾರವಿಲ್ಲ ಎಂಬ ನಿಯಮ ಹಾಗೆಯೇ ಉಳಿಯಿತು. ಆದರೆ ಹಿಟ್ಟಿನ ಗಿರಣಿಯವರು ಬೇಡವೆಂದರೆ ಯೋಜನೆಯಿಂದ ಹೊರಗೆ ಬರಬಹುದು, ಅವರಿಗೆ ಯಾರೂ ಒತ್ತಾಯ ಮಾಡಬಾರದು ಎಂದು ಹಿರಿಯ ಅಧಿಕಾರಿಗಳು ಅಲ್ಲೇ ಹೇಳಿದರು. ಅತ್ತಿ ಅಲ್ಲೇ ಹೊರಗೆ ಬಂದಳು. "ನನ್ನ ಮೋಟಾರಕ್ಕ ನನ್ನ ಕೈಯ ಸ್ವಿಚ್ಚ. ಮೆಸೇಜಿಲೆ ಆರೂದಿಲ್ಲ, ಮೆಸೇಜಿಲೆ ಹತ್ತೂದಿಲ್ಲ!" ಎಂದು ಬಸ್ಸಿನ ಕಂಡಕ್ಟರನಿಗೆ ಕೊಣ್ಣೂರು ಬರುವವರೆಗೂ ಹೇಳಿದಳು. ಆತ ಬೇಸತ್ತು ಟಿಕೀಟು ಹರಿಯುವುದನ್ನೇ ಮರೆತಿದ್ದ; ಇಳಿಯುವಾಗ ಅವಳೇ ನೆನಪಿಸಿ ಹರಿಸಿಕೊಂಡಳು.

ಇದಾದ ಕೆಲವು ದಿನಗಳಿಗೆ ನಾನು ಮತ್ತೆ ಕೊಣ್ಣೂರಿಗೆ ಹೋದಾಗ ಸಂಜೆಯಾಗಿತ್ತು. ಗಿರಣಿಯ ಮುಂದೆ ಡಬ್ಬಿಗಳ ಸಾಲು ಉದ್ದವಿತ್ತು. ಎಲ್ಲ ಕಡೆ ಕರೆಂಟಿನ ಎಳೆದಾಟವಿದ್ದು ವೋಲ್ಟೇಜು ಬಿದ್ದುಹೋದ ದಿನ ಅದು. ಬಲ್ಬುಗಳು ಹಣ್ಣಾದ ನಿಂಬೆಯಂತೆ ಹಳದಿಯಾಗಿದ್ದವು. ಮೋಟಾರು ಎಳೆಯಲಾರದೆ ನರಳುತ್ತಿತ್ತು, ಗಾಲಿಯ ಮೇಲಿನ ಪಟ್ಟಾ ಜಾರುತ್ತಿತ್ತು. ಇನ್ನಷ್ಟು ಹೊತ್ತು ಹೀಗೇ ಓಡಿದರೆ ಸುಟ್ಟುಹೋಗುತ್ತದೆಂದು ಅತ್ತಿಗೆ ಗೊತ್ತಿತ್ತು.

"ಆಗೂದಿಲ್ರವಾ" ಎಂದಳು. ಅವಳ ದನಿ ಬಿದ್ದುಹೋಗಿತ್ತು. "ಯಾರ್ಯಾರನ್ನೋ ಎದುರು ಹಾಕ್ಕೊಂಡು ಬಂದೆ. ಈಗ ಮೋಟಾರ ಕೈ ಕೊಡತೈತಿ. ಬಂದ್ ಮಾಡ್ತೇನಿ, ಸಿಟ್ಟಾಗಬ್ಯಾಡ್ರಿ."

ಯಲ್ಲವ್ವ ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋದಳು. ಅವಳ ಹಿಂದೆ ಇನ್ನಿಬ್ಬರು ಹೋದರು. ಸ್ವಲ್ಪ ಹೊತ್ತಿಗೆ ನಾನು ಬಾಗಿಲಿಗೆ ಬಂದು ನೋಡಿದರೆ ಓಣಿಯ ಆ ತುದಿಯ ಮನೆಯ ಬಲ್ಬು ಆರಿತು. ಆಮೇಲೆ ಅದರ ಬಾಜೂ ಮನೆಯದು. ಒಂದೊಂದೇ ಮನೆಯ ಕಿಟಕಿ ಕಪ್ಪಾಗುತ್ತ ಬಂತು. ಟೀವಿಗಳ ದನಿ ನಿಂತಿತು. ಗುತ್ತಿಗೆದಾರನ ಬಂಗಲೆಯೂ ಕತ್ತಲಾಗಿತ್ತು, ಆದರೆ ಅದಕ್ಕೆ ಮೆಸೇಜು ಬಂದಿತ್ತು, ಪರಿಹಾರವೂ ಬರುತ್ತದೆ. ಮನೆಗೊಂದು ಬಲ್ಬು, ಹೆಚ್ಚೆಂದರೆ ಒಂದು ಟೀವಿ ಇರುವ ಈ ಮಂದಿಗೆ ಯಾವ ಮೆಸೇಜು? ಓಣಿಯ ಹೊರೆ ಇಳಿದಂತೆ ಒಳಗೆ ಮೋಟಾರಿನ ನರಳಿಕೆಯೂ ಮೆಲ್ಲಗೆ ಇಳಿಯಿತು. ಪಟ್ಟಾ ಹಿಡಿದುಕೊಂಡಿತು. ಕಲ್ಲು ತನ್ನ ಹಳೆಯ ದನಿಯಲ್ಲಿ ಬೀಸತೊಡಗಿತು.

ಅತ್ತಿ ಬಾಗಿಲಿಗೆ ಬಂದಳು. ಕತ್ತಲ ಓಣಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಯಾರ ಹೇಳಿದ್ರವಾ ಇವರಿಗೆಲ್ಲಾ?"

"ಯಾರ ಹೇಳಬೇಕ್ರಿ?" ಎಂದಳು ತಿರುಗಿ ಬಂದಿದ್ದ ಯಲ್ಲವ್ವ. "ಹಿಟ್ಟ ಆಗಬೇಕಲ್ಲ."

"ಇದಕ್ಕ ಕಂಪನ್ಯಾವ್ರು ನಿಮಗೇನೂ ಕೊಡೂದಿಲ್ಲ, ಗೊತ್ತೈತಿಲ್ಲೋ?"

"ಕೊಡಾಕ ಅವರ್ಯಾರ್ರಿ?"

  ಅತ್ತಿ ಕತ್ತಲೊಳಗೆ ಒಂದು ಹೆಜ್ಜೆ ಇಟ್ಟು, ಮುಂದಿನ ಗಟಾರು ಕಾಣದೆ ತಡವರಿಸಿದಳು. ಯಲ್ಲವ್ವ ಕೈ ಚಾಚಿ, "ಹಿಂಗ ಬರ್ರಿ ಅವ್ವಾ" ಎಂದು ಅವಳ ಹಿಟ್ಟು ಮೆತ್ತಿದ ಅಂಗೈಯನ್ನು ಹಿಡಿದು ಈಚೆಗೆ ದಾಟಿಸಿದಳು. ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕುಳಿತರು. ನಾನು ಒಳಗೆ ಒಂದಾದ ಮೇಲೊಂದು ಡಬ್ಬಿ ಸುರಿಯುತ್ತಿದ್ದೆ. ಕೊನೆಯ ಡಬ್ಬಿಯ ಹಿಟ್ಟು ಇಳಿದು, ಮೋಟಾರು ನಿಲ್ಲಿಸಿ ಹೊರಗೆ ಬಂದಾಗಲೂ ಅತ್ತಿ ಆ ಕೈಯನ್ನು ಬಿಟ್ಟಿರಲಿಲ್ಲ.